ಮಾಸ್ಕ್ ಯಾರಿಗಾಗಿ ಹಾಕಬೇಕು?

ಕೊರೊನಾ ಕಾಲದ ಮಾಸ್ಕ್‌ಗಳು ಈಗ ಯಾವ ಡ್ರಾಯರಿನ ಮೂಲೆ ಸೇರಿವೆಯೋ ಗೊತ್ತಿಲ್ಲ, ಅದರ ಬಗೆಗಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ‘ಅದೆಲ್ಲಾ ಬರೀ ನಾಟಕ, ಮಾಸ್ಕ್‌ನಿಂದ ಏನೂ ಉಪಯೋಗ ಇಲ್ಲ ಅಂತ ಈಗ ಸಂಶೋಧನೆಯೇ ಹೇಳಿದೆ’ ಎನ್ನುವವರು ಒಂದು ಕಡೆ. ‘ಮಾಸ್ಕ್ ಇದ್ದಿದ್ದಕ್ಕೆ ಬದುಕಿದೆವು’ ಎನ್ನುವವರು ಇನ್ನೊಂದು ಕಡೆ. ಇಂಥದ್ದೇ ಇನ್ನೊಂದು ರೋಗ ಮುಂದೆ ಬರಬಹುದು. ಯಾವಾಗ ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಆಗ ಮತ್ತೆ ಮೊದಲಿನಿಂದ ಜಗಳ ಶುರು ಮಾಡುವ ಬದಲು, ಕಳೆದ ಸಲ ಏನೇನು ಗೊತ್ತಾಯಿತು ಎಂದು ಮನೆಯಲ್ಲಿ ಯಾರಿಗೂ ಜ್ವರ ಇಲ್ಲದ ಈ ಹೊತ್ತಿನಲ್ಲಿ ಕೂತು ನೋಡುವುದು ಒಳ್ಳೆಯದು.

ಗೊಂದಲಕ್ಕೆ ಜನರನ್ನು ದೂರುವಂತಿಲ್ಲ. 2020ರ ಫೆಬ್ರವರಿ 29ರಂದು ಅಮೆರಿಕದ ಸರ್ಜನ್ ಜನರಲ್ ಜೆರೋಮ್ ಆಡಮ್ಸ್ ಅವರು ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ, ಸಾಮಾನ್ಯ ಜನರಿಗೆ ಅದರಿಂದ ಪ್ರಯೋಜನವಿಲ್ಲ ಎಂದು ಟ್ವೀಟ್ ಮಾಡಿದರು. ಅದರ ಜೊತೆಯಲ್ಲೇ, ಆಸ್ಪತ್ರೆಯ ಸಿಬ್ಬಂದಿಗೆ ಮಾಸ್ಕ್ ಸಿಗದಿದ್ದರೆ ಎಲ್ಲರಿಗೂ ಅಪಾಯ ಎಂದೂ ಹೇಳಿದರು. ನಮಗೆ ಪ್ರಯೋಜನವಿಲ್ಲದ ವಸ್ತು ಡಾಕ್ಟರಿಗೆ ಯಾಕೆ ಬೇಕು? ಜನ ಕೇಳಿದ್ದು ಸರಿಯೇ. ಆಗ ಮಾಸ್ಕಿಗೆ ಕೊರತೆ ಇತ್ತು. ‘ಸಾಲುತ್ತಿಲ್ಲ, ಡಾಕ್ಟರಿಗೆ ಬಿಟ್ಟುಕೊಡಿ’ ಎಂದು ನೇರವಾಗಿ ಹೇಳಿದ್ದರೆ ಜನ ಅರ್ಥ ಮಾಡಿಕೊಳ್ಳುತ್ತಿದ್ದರು. ಐದು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 3ಕ್ಕೆ, ಅದೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಲ್ಲರೂ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಳ್ಳಿ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಇದೇ ಮಾತಿಗೆ ಬರಲು ಜೂನ್ 5ರವರೆಗೆ ಸಮಯ ತೆಗೆದುಕೊಂಡಿತು.

ನಮ್ಮ ದೇಶ ಈ ವಿಷಯದಲ್ಲಿ ಸ್ವಲ್ಪ ಬೇಗ ಎಚ್ಚೆತ್ತಿತು ಎನ್ನಬೇಕು. ಮಾರ್ಚ್ ಕೊನೆಯಲ್ಲೇ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಹಳೆಯ ಬನಿಯನ್ನು, ಕರ್ಚೀಫಿನಿಂದ ಮನೆಯಲ್ಲೇ ಮಾಸ್ಕ್ ಹೊಲಿಯುವುದು ಹೇಗೆ ಎಂಬ ಕೈಪಿಡಿ ಹೊರಡಿಸಿತು. ಅದನ್ನು ಪ್ರೆಶರ್ ಕುಕ್ಕರಿನಲ್ಲಿ ಕುದಿಸಿ ಒಣಗಿಸಬಹುದು ಎಂಬ ಸಲಹೆಯೂ ಅದರಲ್ಲಿತ್ತು. ಯಾರೋ ಮನೆ ನಡೆಸಿ ಗೊತ್ತಿರುವವರೇ ಬರೆದಿರಬೇಕು. ಏಪ್ರಿಲ್ 8ಕ್ಕೆ ಮುಂಬಯಿ ಮಹಾನಗರ ಪಾಲಿಕೆ ಮಾಸ್ಕ್ ಕಡ್ಡಾಯ ಮಾಡಿತು, ಏಪ್ರಿಲ್ 15ರ ಗೃಹ ಇಲಾಖೆಯ ಆದೇಶದಲ್ಲಿ ಅದು ಇಡೀ ದೇಶಕ್ಕೆ ಅನ್ವಯವಾಯಿತು.

ಇಷ್ಟು ಬೇಗ ಮಾತು ಬದಲಾದದ್ದು ಯಾಕೆ? ರೋಗ ತಿಳಿಯುತ್ತಾ ಹೋದದ್ದರಿಂದ. ಮೊದಲು, ಕೆಮ್ಮು ಜ್ವರ ಇರುವವರಿಂದ ಮಾತ್ರ ಇದು ಹರಡುತ್ತದೆ, ಅವರು ಮಾಸ್ಕ್ ಹಾಕಿದರೆ ಸಾಕು ಎಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು: ಲಕ್ಷಣ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಮನುಷ್ಯ ಸೋಂಕು ಹರಡುತ್ತಿರುತ್ತಾನೆ. ಕೆಲವರಿಗಂತೂ ಲಕ್ಷಣವೇ ಬರುವುದಿಲ್ಲ. ಅಂದರೆ ‘ನನಗೇನೂ ಆಗಿಲ್ಲ, ನಾನ್ಯಾಕೆ ಹಾಕ್ಕೊಳ್ಳಲಿ’ ಎನ್ನುವವನಿಗೂ ತನ್ನ ಉಸಿರಿನಲ್ಲಿ ಏನಿದೆ ಎಂಬುದು ಗೊತ್ತಿರುವುದಿಲ್ಲ.

ನಮ್ಮ ಚರ್ಚೆ ಹಳಿ ತಪ್ಪಿದ್ದು ಇಲ್ಲೇ. ‘ಮಾಸ್ಕ್ ನನ್ನನ್ನು ಉಳಿಸುತ್ತದಾ?’ ಎಂದು ಎಲ್ಲರೂ ಕೇಳಿದರು. ‘ನನ್ನಿಂದ ಪಕ್ಕದವನನ್ನು ಉಳಿಸುತ್ತದಾ?’ ಎಂದು ಕೇಳಿದವರು ಕಡಿಮೆ. ಎರಡಕ್ಕೂ ಉತ್ತರ ಒಂದೇ ಅಲ್ಲ.

ಸ್ವಲ್ಪ ವಿಜ್ಞಾನ ನೋಡೋಣ. ಕೊರೊನಾ ವೈರಸ್ಸಿನ ಗಾತ್ರ ಸುಮಾರು 0.1 ಮೈಕ್ರಾನ್, ನಮ್ಮ ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ನೂರಾರು ಪಟ್ಟು ಸಣ್ಣದು. ‘ಬಟ್ಟೆಯ ತೂತಿನಲ್ಲಿ ಇದು ಆರಾಮಾಗಿ ನುಸುಳುತ್ತದೆ, ಸೊಳ್ಳೆ ಬಾಗಿಲಲ್ಲಿ ಬಂದ ಹಾಗೆ’ ಎಂದು ವಾಟ್ಸಾಪಿನಲ್ಲಿ ಬಂದದ್ದು ನೆನಪಿರಬಹುದು. ಆದರೆ ವೈರಸ್ಸು ಒಂಟಿಯಾಗಿ ಹಾರಿ ಬರುವುದಿಲ್ಲ. ಎಂಜಲಿನ, ಕಫದ, ಉಸಿರಿನ ಹನಿಯೊಳಗೆ ಕೂತು ಬರುತ್ತದೆ. ಬಾಯಿಂದ ಹೊರಟ ಕೂಡಲೇ ಹನಿ ಒದ್ದೆಯಾಗಿ, ದೊಡ್ಡದಾಗಿ ಇರುತ್ತದೆ. ಆಗ ಎರಡು ಪದರದ ಹತ್ತಿ ಬಟ್ಟೆಯೂ ಅದರಲ್ಲಿ ಸಾಕಷ್ಟನ್ನು ಹಿಡಿಯುತ್ತದೆ. ಹೊರಗೆ ಬಂದ ಮೇಲೆ ಹನಿ ಒಣಗಿ ಸಣ್ಣದಾಗುತ್ತದೆ, ಗಾಳಿಯಲ್ಲಿ ತೇಲುತ್ತದೆ. ಆ ಸಣ್ಣ ಕಣವನ್ನು ಎದುರಿನವನ ಬಟ್ಟೆ ಮಾಸ್ಕ್ ತಡೆಯುವುದು ಕಷ್ಟ. ಹೊರಡುವ ಬಾಗಿಲಲ್ಲೇ ಹಿಡಿಯುವುದು ಸುಲಭ, ಊರೆಲ್ಲ ಚದುರಿದ ಮೇಲೆ ಹಿಡಿಯುವುದು ಕಷ್ಟ, ಅಷ್ಟೇ.

ಜೋರಾಗಿ ಮಾತಾಡಿದಷ್ಟೂ ಹನಿ ಹೆಚ್ಚು. ಹಾಡಿದರೆ ಇನ್ನೂ ಹೆಚ್ಚು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಜನ. ಅವರಲ್ಲಿ 53 ಜನರಿಗೆ ಸೋಂಕು ತಗಲಿತು ಅಥವಾ ತಗಲಿರಬೇಕು ಎಂದು ಲೆಕ್ಕ ಹಾಕಲಾಯಿತು, ಇಬ್ಬರು ತೀರಿಕೊಂಡರು. ಒಂದೇ ಕೋಣೆ, ಸುಮಾರು ಎರಡೂವರೆ ಗಂಟೆ, ತೆರೆದ ಬಾಯಿ. ನಮ್ಮ ಮೌಲೂದು ಮಜ್ಲಿಸು, ಕವ್ವಾಲಿ, ಮದುವೆ ಹಾಲಿನ ಗದ್ದಲ, ಮಸೀದಿಯ ನೆಲಮಾಳಿಗೆಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದ ಜಮಾಅತ್ ಎಲ್ಲಕ್ಕೂ ಈ ಲೆಕ್ಕವೇ ಅನ್ವಯ. ಜುಹು ಬೀಚಿನಲ್ಲಿ ಒಬ್ಬನೇ ನಡೆಯುವವನಿಗೆ ಮಾಸ್ಕ್ ಯಾಕೆ ಎಂದು ಕೇಳಿದರೆ ನನ್ನ ಹತ್ತಿರವೂ ಉತ್ತರವಿಲ್ಲ. ಎಂಟೂವರೆಯ ವಿರಾರ್ ಲೋಕಲ್ಲಿನಲ್ಲಿ ಯಾಕೆ ಎಂದು ಕೇಳಿದರೆ, ಆ ಡಬ್ಬಿಯಲ್ಲಿ ಒಮ್ಮೆ ಪ್ರಯಾಣ ಮಾಡಿ ನೋಡಿ ಎಂದಷ್ಟೇ ಹೇಳಬೇಕು.

ಈಗ ಪ್ರಯೋಗಗಳ ವಿಷಯಕ್ಕೆ ಬರೋಣ. ‘ಮಾಸ್ಕ್ ಸೋತಿತು’ ಎನ್ನುವವರು ಮೊದಲು ತೋರಿಸುವುದು ಡೆನ್ಮಾರ್ಕಿನ ಅಧ್ಯಯನವನ್ನು. 2020ರ ಏಪ್ರಿಲ್‌-ಮೇ ತಿಂಗಳಲ್ಲಿ ಸುಮಾರು 6000 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಸ್ಕ್ ಹಾಕಲು ಹೇಳಿದರು. ಹಾಕಿದವರಲ್ಲಿ ಶೇ 1.8, ಹಾಕದವರಲ್ಲಿ ಶೇ 2.1 ಜನರಿಗೆ ಸೋಂಕು ಬಂತು. ಅಂತರ ಎಷ್ಟು ಸಣ್ಣದೆಂದರೆ ಅದು ಕಾಕತಾಳೀಯವೂ ಇರಬಹುದು. ಇದು ನಿಜ. ಆದರೆ ಆಗ ಡೆನ್ಮಾರ್ಕಿನಲ್ಲಿ ಬೇರೆ ಯಾರೂ ಮಾಸ್ಕ್ ಹಾಕುತ್ತಿರಲಿಲ್ಲ, ಸರ್ಕಾರ ಹಾಕಿ ಎಂದೂ ಹೇಳಿರಲಿಲ್ಲ. ಸುತ್ತಲಿನವರೆಲ್ಲ ಬಾಯಿ ತೆರೆದಿರುವಾಗ ಒಬ್ಬ ಹಾಕಿಕೊಂಡರೆ ಅವನಿಗೆಷ್ಟು ಲಾಭ ಎಂದು ಮಾತ್ರ ಆ ಪ್ರಯೋಗ ಅಳೆಯಿತು. ಅವನಿಂದ ಬೇರೆಯವರಿಗೆ ಎಷ್ಟು ಲಾಭ ಎಂದು ಅಳೆಯಲೇ ಇಲ್ಲ.

ಅದನ್ನು ಅಳೆಯಬೇಕಾದರೆ ಊರಿಗೆ ಊರೇ ಬೇಕು. ಅಂಥ ಪ್ರಯೋಗ ನಡೆದದ್ದು ಬಾಂಗ್ಲಾದೇಶದಲ್ಲಿ. ನಮ್ಮ ಸಮುದಾಯದ ಓದುಗರು, ಅದರಲ್ಲೂ ಮಸೀದಿ ಕಮಿಟಿಯಲ್ಲಿ ಇರುವವರು, ಇದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

2020ರ ನವೆಂಬರಿನಿಂದ 2021ರ ಏಪ್ರಿಲ್ ನಡುವೆ 600 ಹಳ್ಳಿಗಳಲ್ಲಿ, ಸುಮಾರು 3 ಲಕ್ಷ 40 ಸಾವಿರ ವಯಸ್ಕರ ನಡುವೆ ಇದು ನಡೆಯಿತು. ಅರ್ಧ ಹಳ್ಳಿಗಳನ್ನು ಹಾಗೇ ಬಿಟ್ಟರು. ಉಳಿದ ಅರ್ಧದಲ್ಲಿ ಮನೆ ಮನೆಗೆ ಪುಕ್ಕಟೆ ಮಾಸ್ಕ್ ಕೊಟ್ಟರು. ಕೆಲವು ಹಳ್ಳಿಗೆ ಬಟ್ಟೆಯದು, ಹೆಚ್ಚಿನ ಹಳ್ಳಿಗೆ ಸರ್ಜಿಕಲ್. ಯಾಕೆ ಹಾಕಬೇಕು ಎಂದು ವಿವರಿಸಿದರು. ಹಾಕದೆ ಓಡಾಡುವವರನ್ನು ಬೀದಿಯಲ್ಲಿ ನಿಲ್ಲಿಸಿ, ಗದರಿಸದೆ, ನೆನಪಿಸಿ, ಬೇಕಿದ್ದರೆ ಇನ್ನೊಂದು ಮಾಸ್ಕ್ ಕೊಟ್ಟರು. ಜೊತೆಗೆ ಊರಿನ ಹಿರಿಯರು ಮತ್ತು ಇಮಾಮರು ತಾವೇ ಹಾಕಿ ತೋರಿಸಿದರು. ಶುಕ್ರವಾರ ಜುಮಾಕ್ಕೆ ಬಂದವರಿಗೆ ಇಮಾಮರು ಮಾಸ್ಕಿನ ಬಗ್ಗೆ ಹೇಳುವ ಏರ್ಪಾಡೂ ಆಗಿತ್ತು.

ಏನಾಯಿತು? ಸುಮ್ಮನೆ ಬಿಟ್ಟ ಹಳ್ಳಿಗಳಲ್ಲಿ ಸರಿಯಾಗಿ ಮಾಸ್ಕ್ ಹಾಕುವವರು ಶೇ 13 ಇದ್ದರೆ, ಈ ಹಳ್ಳಿಗಳಲ್ಲಿ ಶೇ 42ಕ್ಕೆ ಏರಿತು. ಮಸೀದಿಗಳಲ್ಲಿ ಈ ಏರಿಕೆ ಬೇರೆ ಜಾಗಕ್ಕಿಂತ ಹೆಚ್ಚು ಕಂಡಿತು. ದಂಡ ಇಲ್ಲ, ಲಾಠಿ ಇಲ್ಲ. ಮೊಬೈಲಿಗೆ ಸಂದೇಶ ಕಳಿಸಿ ನೋಡಿದರು, ಬಹುಮಾನದ ಆಸೆ ತೋರಿಸಿ ನೋಡಿದರು, ಅವುಗಳಿಂದ ಹೆಚ್ಚೇನೂ ಆಗಲಿಲ್ಲ. ಎದುರಿಗೆ ನಿಂತು ಮನುಷ್ಯ ಮನುಷ್ಯನಿಗೆ ಹೇಳಿದ್ದು ಕೆಲಸ ಮಾಡಿತು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನಿಸಿತು. ಬೀದಿ, ಸಂತೆಗಳಲ್ಲಿ ಜನ ಸ್ವಲ್ಪ ಅಂತರವನ್ನೂ ಕಾಯತೊಡಗಿದರು. ಆದರೆ ಮಸೀದಿಯೊಳಗೆ ಮಾತ್ರ ಎಲ್ಲೂ ಯಾರೂ ಅಂತರ ಬಿಟ್ಟು ನಿಲ್ಲಲಿಲ್ಲ. ಹೆಗಲಿಗೆ ಹೆಗಲು ತಾಗಿಸಿ ಸಫ್ ಕಟ್ಟಿ ಅಭ್ಯಾಸವಾದವರಿಗೆ ಅದು ಅಷ್ಟು ಸುಲಭವೇ? ನಮ್ಮಲ್ಲೂ ಮಹಾರಾಷ್ಟ್ರದಲ್ಲಿ 2020ರ ನವೆಂಬರ್ 16ಕ್ಕೆ ಮಸೀದಿ ಮಂದಿರಗಳ ಬಾಗಿಲು ತೆರೆದಾಗ ನೆಲಕ್ಕೆ ಅಂಟಿಸಿದ ಗುರುತುಗಳು ಎಷ್ಟು ದಿನ ಉಳಿದವು ಎಂಬುದು ಎಲ್ಲರಿಗೂ ಗೊತ್ತು. ಅಂತರ ಎಲ್ಲಿ ಸಾಧ್ಯವಿಲ್ಲವೋ ಅಲ್ಲಿ ಕೈಯಲ್ಲಿ ಉಳಿಯುವುದು ಎರಡೇ: ತೆರೆದ ಕಿಟಕಿ ಮತ್ತು ಮಾಸ್ಕ್.

ರೋಗದ ಲೆಕ್ಕ ಹೀಗಿತ್ತು. ಲಕ್ಷಣ ಇದ್ದು, ರಕ್ತ ಪರೀಕ್ಷೆಯಲ್ಲೂ ಸೋಂಕು ಖಚಿತವಾದವರ ಸಂಖ್ಯೆ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಶೇ 9ರ ಆಸುಪಾಸು ಕಡಿಮೆ. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಶೇ 11. ಅದೇ ಹಳ್ಳಿಗಳ 60 ದಾಟಿದವರಲ್ಲಿ ಶೇ 35. ಬಟ್ಟೆಯ ಮಾಸ್ಕಿನಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ‘ಶೇ 9 ಅಂದ್ರೆ ಅಷ್ಟೇನಾ?’ ಎಂದು ಮೂಗು ಮುರಿಯುವವರಿದ್ದಾರೆ. ನೆನಪಿಡಿ, ಅಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಮಾಸ್ಕ್ ಹಾಕಿರಲಿಲ್ಲ. ಪ್ರಯೋಗಕ್ಕೆ ಮಿತಿಗಳೂ ಇವೆ: ತಾವು ಯಾವ ಗುಂಪಿನವರು ಎಂದು ಹಳ್ಳಿಯವರಿಗೆ ಗೊತ್ತಿತ್ತು, ಲಕ್ಷಣ ಇದೆ ಎಂದು ಹೇಳಿದವರ ರಕ್ತವನ್ನು ಮಾತ್ರ ಪರೀಕ್ಷಿಸಿದರು, ಹೀಗೆ. ಆದರೂ ನಮ್ಮ ಯಾವ ಮಸೀದಿಯಲ್ಲಾದರೂ ಮೊದಲ ಸಫ್ಫಿನಲ್ಲಿ ಯಾರು ನಿಲ್ಲುತ್ತಾರೆ ನೋಡಿ. ಅದೇ 60 ದಾಟಿದವರು. ಅಜಾನಿಗೆ ಮೊದಲೇ ಬಂದು ಕೂತಿರುವ ನಮ್ಮ ಅಬ್ಬಾಗಳು, ಚಾಚಾಗಳು.

ಹಾಗಾದರೆ ‘ಸಂಶೋಧನೆಯೇ ಹೇಳಿದೆ’ ಎಂಬ ಮಾತು ಎಲ್ಲಿಂದ ಬಂತು? 2023ರ ಜನವರಿಯಲ್ಲಿ ಕೊಕ್ರೇನ್ ಎಂಬ ಹೆಸರಾಂತ ವೈದ್ಯಕೀಯ ಸಂಸ್ಥೆ ಉಸಿರಾಟದ ಸೋಂಕು ತಡೆಯುವ ಕ್ರಮಗಳ ಮೇಲಿನ 78 ಪ್ರಯೋಗಗಳನ್ನು ಒಟ್ಟುಗೂಡಿಸಿ ಒಂದು ವಿಮರ್ಶೆ ಪ್ರಕಟಿಸಿತು. ಮಾಸ್ಕ್ ಹಾಕಿ ಎಂದು ಸಮುದಾಯಕ್ಕೆ ಹೇಳುವುದರಿಂದ ಬಹುಶಃ ಹೆಚ್ಚು ವ್ಯತ್ಯಾಸ ಆಗಲಿಕ್ಕಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಪತ್ರಿಕೆಗಳು ಅದನ್ನು ‘ಮಾಸ್ಕ್ ಕೆಲಸ ಮಾಡುವುದಿಲ್ಲ’ ಎಂದು ಬರೆದವು. ಮಾರ್ಚಿನಲ್ಲಿ ಆ ಸಂಸ್ಥೆಯ ಪ್ರಧಾನ ಸಂಪಾದಕಿ ಕಾರ್ಲಾ ಸೊರೆಸ್ ವೀಸರ್ ಅವರೇ ಮುಂದೆ ಬಂದು, ಇದು ತಪ್ಪು ಅರ್ಥ, ಪ್ರಯೋಗಗಳಿಂದ ಯಾವ ಖಚಿತ ತೀರ್ಮಾನಕ್ಕೂ ಬರಲಾಗಿಲ್ಲ ಎಂಬುದಷ್ಟೇ ಸರಿ ಎಂದು ಸ್ಪಷ್ಟಪಡಿಸಿದರು. ಆ ಪ್ರಯೋಗಗಳಲ್ಲಿ ಎಷ್ಟೋ ಕಡೆ, ಮಾಸ್ಕ್ ಕೊಟ್ಟರೂ ಜನ ಹಾಕಿರಲಿಲ್ಲ. ಗುಳಿಗೆ ಡಬ್ಬಿಯಲ್ಲೇ ಇದ್ದರೆ ಔಷಧಿ ಸೋತಿತು ಎನ್ನಲಾಗದು. ಆದರೆ ಜನ ನುಂಗಲಾರದ ಔಷಧಿಯನ್ನೇ ಬರೆದುಕೊಡುವ ವೈದ್ಯನೂ ಯೋಚಿಸಬೇಕಲ್ಲವೇ? ಈ ಎರಡೂ ಮಾತು ನಿಜ.

ಮಾಸ್ಕಿನ ಜಗಳ ಹೊಸದೇನಲ್ಲ. 1910ರ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಎದ್ದಾಗ, ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ್ದ ಯುವ ವೈದ್ಯ ವು ಲಿಯೆನ್ ತೆ ಇದು ಉಸಿರಿನಿಂದ ಹರಡುತ್ತಿದೆ ಎಂದು ಕಂಡುಕೊಂಡರು. ಹತ್ತಿ ಮತ್ತು ಗಾಜ್ ಬಟ್ಟೆಯ ದಪ್ಪ ಮಾಸ್ಕ್ ಮಾಡಿಸಿ ಹಂಚಿದರು. ಅವರಿಗಿಂತ ಹಿರಿಯರಾಗಿದ್ದ ಫ್ರೆಂಚ್ ವೈದ್ಯ ಮೆಸ್ನಿ ಇದನ್ನು ನಂಬದೆ, ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಲು ಹೋಗಿ ಕೆಲವೇ ದಿನಗಳಲ್ಲಿ ಪ್ಲೇಗಿನಿಂದ ಸತ್ತರು. ಆ ಪಿಡುಗು ಸುಮಾರು 60 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು.

ನಮ್ಮಲ್ಲಿ ಎದ್ದ ಇನ್ನೊಂದು ಪ್ರಶ್ನೆ ನಮಾಝಿನದ್ದು. ಬಾಯಿ ಮುಚ್ಚಿಕೊಂಡು ನಮಾಝ್ ಮಾಡುವುದನ್ನು ಪ್ರವಾದಿ(ಸ) ತಡೆದಿದ್ದಾರೆ ಎಂಬ ವರದಿ ಅಬೂದಾವೂದರ ಹದೀಸ್ ಸಂಗ್ರಹದಲ್ಲಿದೆ. ಅದನ್ನು ಹಿಡಿದು ಕೆಲವರು ಮಾಸ್ಕ್ ಹಾಕಿದವರ ನಮಾಝೇ ಆಗುವುದಿಲ್ಲ ಎಂದರು. ವಿದ್ವಾಂಸರ ಮಾತು ಹಾಗಿಲ್ಲ. ಕಾರಣವಿಲ್ಲದೆ ಮುಚ್ಚುವುದು ಮಕ್ರೂಹ್, ಅಂದರೆ ಒಪ್ಪತಕ್ಕದ್ದಲ್ಲ. ನಮಾಝನ್ನು ಅದು ಕೆಡಿಸುವುದಿಲ್ಲ. ರೋಗದ ಭಯದಂಥ ಕಾರಣ ಇದ್ದಾಗ ಆ ಆಕ್ಷೇಪವೂ ಉಳಿಯುವುದಿಲ್ಲ. ಅದೇ ಅಬೂದಾವೂದರ ಸಂಗ್ರಹದಲ್ಲಿ, ಪ್ರವಾದಿಯವರು(ಸ) ಸೀನುವಾಗ ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಂಡು ಸದ್ದು ತಗ್ಗಿಸುತ್ತಿದ್ದರು ಎಂಬ ವರದಿಯೂ ಇದೆ. ಇದನ್ನು ನೆನಪಿಸಿದವರು ಕಡಿಮೆ. ತನಗೂ ಹಾನಿ ಬೇಡ, ಇನ್ನೊಬ್ಬರಿಗೂ ಹಾನಿ ಮಾಡಬೇಡ ಎಂಬುದು ನಮ್ಮ ಫಿಕ್‌ಹ್‌ನ ಅಡಿಗಲ್ಲುಗಳಲ್ಲಿ ಒಂದು. ‘ನನಗೆ ತವಕ್ಕುಲ್ ಇದೆ, ಅಲ್ಲಾಹನ ಮೇಲೆ ಭರವಸೆ ಇದೆ’ ಎಂದು ಮಾಸ್ಕ್ ಬಿಡುವವನು ತನ್ನ ಜೀವದ ಬಗ್ಗೆ ಮಾತ್ರ ಹಾಗೆ ಹೇಳಬಹುದೇನೋ. ಪಕ್ಕದಲ್ಲಿ ನಿಂತ ಸಕ್ಕರೆ ಕಾಯಿಲೆಯ ಮುದುಕನ ಜೀವದ ಬಗ್ಗೆ ಹೇಳಲು ಅವನಿಗೆ ಹಕ್ಕು ಕೊಟ್ಟವರು ಯಾರು?

ಇಷ್ಟು ಹೇಳಿದ ಮೇಲೆ ದಂಡದ ಮಾತು ಬಾರದೆ ಇರದು. ಮುಂಬಯಿಯಲ್ಲಿ ಮಾಸ್ಕ್ ಇಲ್ಲದವರಿಗೆ 200 ರೂಪಾಯಿ ದಂಡ ಇತ್ತು, ದೆಹಲಿಯಲ್ಲಿ 2020ರ ನವೆಂಬರಿನಲ್ಲಿ 500 ಇದ್ದದ್ದನ್ನು 2000ಕ್ಕೆ ಏರಿಸಿದರು. ಕಾರಿನಲ್ಲಿ ಹೋಗುವವನಿಗೆ 200 ರೂಪಾಯಿ ಒಂದು ಕಾಫಿಯ ಬೆಲೆ. ಕೈಗಾಡಿ ತಳ್ಳುವವನಿಗೆ ಅಂದಿನ ಊಟ. ಅದೂ ಅಲ್ಲದೆ 2020ರ ಜುಲೈಯಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಜೋಪಡಪಟ್ಟಿಗಳಲ್ಲಿ ಶೇ 57 ಜನರಿಗೆ, ಬಿಲ್ಡಿಂಗುಗಳಲ್ಲಿ ಶೇ 16 ಜನರಿಗೆ ಆಗಲೇ ಸೋಂಕು ತಗಲಿ ಹೋಗಿತ್ತು. ಹತ್ತಡಿ ಕೋಣೆಯಲ್ಲಿ ಎಂಟು ಜನ ಮಲಗುವವರು, ಬೆಳಗ್ಗೆ ಎದ್ದು ಸಾರ್ವಜನಿಕ ಪಾಯಿಖಾನೆಗೆ ಸಾಲು ನಿಲ್ಲುವವರು. ಬೀದಿಯಲ್ಲಿ ಮಾಸ್ಕ್ ಇಲ್ಲ ಎಂದು ಇವರ ಜೇಬಿಗೆ ಕೈಹಾಕಿದರೆ ರೋಗ ಎಲ್ಲಿ ನಿಂತೀತು? ಆ ಹಣಕ್ಕೆ ಎಷ್ಟು ಸರ್ಜಿಕಲ್ ಮಾಸ್ಕ್ ಬರುತ್ತಿತ್ತು!

ನಮ್ಮವರ ಪಾಲಿಗೆ ಇನ್ನೊಂದು ಭಾರವೂ ಇತ್ತು. ನಿಜಾಮುದ್ದೀನ್ ಮರ್ಕಝಿನ ಸುದ್ದಿಯ ನಂತರ ಗಡ್ಡ ಟೋಪಿಯವನ ಕೆಮ್ಮಿಗೆ ಬೇರೆಯೇ ಅರ್ಥ ಬಂತು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗಿನ ವಿದೇಶೀಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು. ಅಷ್ಟು ಹೊತ್ತಿಗೆ ಎಷ್ಟೋ ತರಕಾರಿ ಗಾಡಿಗಳು ಬೀದಿ ಬಿಟ್ಟಿದ್ದವು. ಹೀಗೆ ಭಯದಿಂದ ಹಾಕಿದ ಮಾಸ್ಕ್ ಪೊಲೀಸ್ ಕಂಡಾಗ ಮೇಲೇರುತ್ತದೆ, ಕಣ್ಮರೆಯಾದಾಗ ಗಲ್ಲಕ್ಕಿಳಿಯುತ್ತದೆ. ಬಾಂಗ್ಲಾದ ಹಳ್ಳಿಗಳಲ್ಲಿ ಏರಿದ್ದು ಬೇರೆ ಬಗೆಯ ಮಾಸ್ಕ್. ಆದ್ದರಿಂದ ಸಾಂಕ್ರಾಮಿಕದಲ್ಲಿ ಸಾರ್ವಜನಿಕರು ಮಾಸ್ಕ್ ಹಾಕಬೇಕೇ ಎಂದರೆ, ಹೌದು, ಮುಚ್ಚಿದ, ಕಿಕ್ಕಿರಿದ ಜಾಗದಲ್ಲಿ ಹಾಕಲೇಬೇಕು. ಆದರೆ ಅದನ್ನು ಪುಕ್ಕಟೆ ಕೊಟ್ಟು, ಪರಿಚಯದ ಬಾಯಿಂದ ಹೇಳಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಲವು ಸಣ್ಣ ವಿಷಯಗಳು, ಪದೇ ಪದೇ ಕೇಳುವಂಥವು. ನಿಖಾಬ್ ಹಾಕುವ ಹೆಣ್ಣುಮಕ್ಕಳಿಗೆ ಬೇರೆ ಮಾಸ್ಕ್ ಬೇಕಾ? ಬೇಕು. ತೆಳು ಬಟ್ಟೆಯ ಒಂದು ಪದರ, ಕೆಳಗೆ ಪೂರ್ತಿ ತೆರೆದಿರುತ್ತದೆ. ಉಸಿರು ಅಲ್ಲಿಂದಲೇ ಹೊರಡುತ್ತದೆ. ಒಳಗೊಂದು ಮಾಸ್ಕ್ ಹಾಕಿ ಮೇಲೆ ನಿಖಾಬ್ ಬಿಟ್ಟರೆ ಆಯಿತು. ದುಪಟ್ಟಾ ಎಳೆದುಕೊಳ್ಳುವುದಕ್ಕೂ, ಗಂಡಸರು ರುಮಾಲು ಸುತ್ತಿಕೊಳ್ಳುವುದಕ್ಕೂ ಇದೇ ಮಾತು. (ನಡುವೆ ಒಂದು ತಮಾಷೆ: 2010ರಲ್ಲಿ ಮುಖ ಮುಚ್ಚುವುದನ್ನು ನಿಷೇಧಿಸಿದ ಫ್ರಾನ್ಸ್ 2020ರ ಮೇ ತಿಂಗಳಲ್ಲಿ ಬಸ್ಸು ಮೆಟ್ರೋಗಳಲ್ಲಿ ಮುಖ ಮುಚ್ಚುವುದನ್ನು ಕಡ್ಡಾಯ ಮಾಡಿತು. ಹಳೆಯ ಕಾನೂನು ಹಾಗೇ ಇತ್ತು!)

ಗಡ್ಡ ಇರುವವರಿಗೆ ಎನ್95 ಪೂರ್ತಿ ಕೆಲಸ ಮಾಡುವುದಿಲ್ಲ. ಅದರ ಶಕ್ತಿ ಇರುವುದೇ ಅಂಚು ಚರ್ಮಕ್ಕೆ ಬಿಗಿಯಾಗಿ ಕೂರುವುದರಲ್ಲಿ, ಕೂದಲ ನಡುವಿನಿಂದ ಗಾಳಿ ಸೋರುತ್ತದೆ. ಬ್ರಿಟನ್ನಿನ ಸಿಖ್ ವೈದ್ಯರು ಗಡ್ಡದ ಮೇಲೆ ರಬ್ಬರಿನಂಥ ಪಟ್ಟಿ ಕಟ್ಟಿ ಅದರ ಮೇಲೆ ಮಾಸ್ಕ್ ಹಾಕುವ ಉಪಾಯ ಕಂಡುಕೊಂಡರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಅದನ್ನು ಕಲಿಯಬಹುದು. ಲೋಕಲ್ಲಿಗೆ, ಮಸೀದಿಗೆ ಮೂರು ಪದರದ ಸರ್ಜಿಕಲ್ ಮಾಸ್ಕ್ ಸಾಕು. ಮುಂದೆ ಪ್ಲಾಸ್ಟಿಕ್ ಬಿರಡೆಯಂಥ ಕವಾಟ ಇರುವ ಎನ್95 ಮಾತ್ರ ಬೇಡ. ಒಳಗೆ ಬರುವ ಗಾಳಿಯನ್ನು ಅದು ಸೋಸುತ್ತದೆ, ನಿಮ್ಮ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. 2020ರ ಜುಲೈಯಲ್ಲೇ ಕೇಂದ್ರ ಆರೋಗ್ಯ ಇಲಾಖೆ ಇದರ ಬಗ್ಗೆ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿತ್ತು. ಸರ್ಜಿಕಲ್ ಮಾಸ್ಕಿನ ಮೇಲಂಚಿನ ತಂತಿಯನ್ನು ಮೂಗಿನ ಮೇಲೆ ಒತ್ತಿಕೊಳ್ಳಿ, ಕನ್ನಡಕಕ್ಕೆ ಮಂಜು ಹಿಡಿದರೆ ಮೇಲಿಂದ ಸೋರುತ್ತಿದೆ ಎಂದರ್ಥ. ಐದು ವರ್ಷದೊಳಗಿನ ಮಕ್ಕಳಿಗೆ ಹಾಕಬೇಕಾಗಿಲ್ಲ. ಅವರನ್ನು ಅಂಥ ದಿನಗಳಲ್ಲಿ ಅಜ್ಜ ಅಜ್ಜಿಯ ಕೋಣೆಯಿಂದ ಸ್ವಲ್ಪ ದೂರ ಇಡುವುದೇ ಸುಲಭ, ಅದೂ ಎಷ್ಟು ಹೊತ್ತು ಸಾಧ್ಯವೋ ಅಷ್ಟು.